ಸಂತರ ಹಬ್ಬಕ್ಕೆ ಸಾಲ, ಪ್ರಭುವಿನ ದಿನಕ್ಕೆ ಬಿಡುವಿಲ್ಲ

ಕರ್ನಾಟಕದ ಕಥೋಲಿಕ ಕ್ರೈಸ್ತರಿಗೆ ಸಂತರ ಮೇಲಣ ಭಕ್ತಿಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಅದು ತಾಯ ಹಾಲಿನೊಂದಿಗೆ ಬಂದದ್ದು. ಜನವರಿಯ ಕೊನೆಗೆ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ವಾರ್ಷಿಕ ಮಹೋತ್ಸವ, ಜೂನ್ 13ರಂದು ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬ, ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದಲ್ಲಿ ಮಾತೆ ಮರಿಯಮ್ಮನವರ ಜನನೋತ್ಸವ; ಹೀಗೆ ವರ್ಷದುದ್ದಕ್ಕೂ ನಮ್ಮ ಜನ ಜಾತಿಮತಗಳ ಭೇದವಿಲ್ಲದೆ ಸಾಗರದಂತೆ ಹರಿದುಬರುತ್ತಾರೆ. ಇವಲ್ಲದೆ ನಮ್ಮ ಒಂದೊಂದು ಧರ್ಮಕೇಂದ್ರಕ್ಕೂ ಪಾಲಕ ಸಂತರಿದ್ದಾರೆ. ಧ್ವಜಾರೋಹಣ, ಒಂಬತ್ತು ದಿನಗಳ ನವೇನ, ಆಡಂಬರದ ಗಾಯನ ಬಲಿಪೂಜೆ, ದೀಪಾಲಂಕೃತ ತೇರಿನ ಮೆರವಣಿಗೆಗಳಿವೆ.

ಆದರೆ ಹಬ್ಬ ಮುಗಿದ ಮರುವಾರದ ಭಾನುವಾರ ಅದೇ ದೇವಾಲಯವನ್ನು ಹೊಕ್ಕು ನೋಡಿರಿ. ತೇರು ಎಳೆಯಲು ಮುನ್ನುಗ್ಗಿದ ಯುವಕರು ಎಲ್ಲಿ? ನವೇನದ ಒಂಬತ್ತು ದಿನವೂ ತಪ್ಪದೆ ಬಂದ ಕುಟುಂಬಗಳಲ್ಲಿ ಎಷ್ಟು ಕುಟುಂಬಗಳು ಅಲ್ಲಿವೆ? ಅವರಲ್ಲಿ ಕೆಲವರು ಹಬ್ಬದ ಸಾಲ ತೀರಿಸಲು ಭಾನುವಾರವೂ ಕೂಲಿಗೆ ಹೋಗಿರುತ್ತಾರೆ. ಇನ್ನು ಕೆಲವರಿಗೆ ಆ ಭಾನುವಾರ ಬರೀ ರಜಾದಿನ. ಸಂತರ ಹಬ್ಬಕ್ಕೆ ಸಾಲ ಮಾಡಿಯಾದರೂ ಸಿದ್ಧರಾಗುವ ನಮಗೆ ಪ್ರಭುವಿನ ದಿನಕ್ಕೆ ಒಂದು ಗಂಟೆಯ ಬಿಡುವು ಇಲ್ಲವೆಂದರೆ, ನಾವು ಆಚರಿಸುತ್ತಿರುವುದು ನಿಜಕ್ಕೂ ಸಂತರ ಹಬ್ಬವೇ? ಅಲ್ಲವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಅದು ಸಂತರ ಹೆಸರಿನಲ್ಲಿ ನಡೆಯುವ ಬೇರೊಂದು ಹಬ್ಬ. ಆ ಸಂತರೇ ಇಳಿದು ಬಂದರೆ ಅದರಲ್ಲಿ ತಮ್ಮ ಗುರುತನ್ನು ಕಾಣಲಾರರು.

ಹಾಗಾದರೆ ಸಂತರನ್ನು ಬಿಡಬೇಕೆ?

ಈ ಮಾತನ್ನು ಕೇಳಿದೊಡನೆ ಕೆಲವರು ಸಂತೋಷಪಡಬಹುದು. ನಮ್ಮ ಮನೆಗಳ ಬಾಗಿಲು ತಟ್ಟಿ "ನೀವು ವಿಗ್ರಹಗಳನ್ನು ಆರಾಧಿಸುವವರು" ಎಂದು ದೂರುವ ಹೊಸ ಪಂಥಗಳವರು, ನೋಡಿ ಅವರ ಗುರುಗಳೇ ಒಪ್ಪಿಕೊಂಡರು ಎನ್ನಬಹುದು. ಅವರಿಗೆ ಮೊದಲೇ ಉತ್ತರ ಹೇಳಿಬಿಡುವುದು ಒಳ್ಳೆಯದು.

ಸಂತರ ಸ್ಮರಣೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಎರಡನೇ ಶತಮಾನದ ಮಧ್ಯಭಾಗದಲ್ಲಿ ಸ್ಮಿರ್ನಾ ಪಟ್ಟಣದ ವೃದ್ಧ ಧರ್ಮಾಧ್ಯಕ್ಷ ಪೊಲಿಕಾರ್ಪರು ರಕ್ತಸಾಕ್ಷಿಯಾದಾಗ, ಅಲ್ಲಿನ ಕ್ರೈಸ್ತರು ಅವರ ಎಲುಬುಗಳನ್ನು ಆಯ್ದು ಯೋಗ್ಯ ಸ್ಥಳದಲ್ಲಿಟ್ಟು, ಅವರು ಪ್ರಾಣ ತೆತ್ತ ದಿನವನ್ನೇ ಅವರ ಜನ್ಮದಿನವೆಂದು ವರ್ಷವರ್ಷವೂ ಕೂಡಿ ಆಚರಿಸಲು ನಿರ್ಧರಿಸಿದರು. ಆರಾಧನೆ ದೇವಪುತ್ರರಾದ ಕ್ರಿಸ್ತರಿಗೆ ಮಾತ್ರ, ರಕ್ತಸಾಕ್ಷಿಗಳಿಗೆ ಸಲ್ಲುವುದು ಅವರ ಶಿಷ್ಯರೆಂಬ ಪ್ರೀತಿ ಎಂಬ ಭೇದವನ್ನು ಆಗಲೇ ಅವರು ಸ್ಪಷ್ಟವಾಗಿ ಬರೆದಿಟ್ಟರು. 787ರ ಎರಡನೇ ನೈಸಿಯಾ ಮಹಾಸಭೆ ಇದನ್ನೇ ಪ್ರತಿಮೆಗಳಿಗೂ ಅನ್ವಯಿಸಿತು: ಗೌರವ ಪ್ರತಿಮೆಯಲ್ಲಿ ನಿಲ್ಲುವುದಿಲ್ಲ, ಅದು ಪ್ರತಿಮೆ ತೋರಿಸುವ ವ್ಯಕ್ತಿಯನ್ನು ತಲುಪುತ್ತದೆ, ಆರಾಧನೆಯಾದರೋ ದೇವರೊಬ್ಬರಿಗೇ ಮೀಸಲು.

1563ರ ಡಿಸೆಂಬರ್‌ನಲ್ಲಿ ಟ್ರೆಂಟ್ ಮಹಾಸಭೆಯು, ಸಂತರ ವಿಜ್ಞಾಪನೆಯನ್ನು ಕೋರುವುದು ಒಳ್ಳೆಯದು, ಪ್ರಯೋಜನಕರವಾದುದು ಎಂದು ಸಾರಿತು. ಆದರೆ ಅದೇ ಆಜ್ಞಾಪತ್ರದಲ್ಲಿ ಮುಂದೆ ಏನಿದೆ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಕೇಳಿಲ್ಲ. ಸಂತರ ಭಕ್ತಿಯಿಂದ ಮೂಢನಂಬಿಕೆಯನ್ನು ತೊಡೆದುಹಾಕಬೇಕು, ಹಣದ ಹೊಲಸು ಆಸೆಯನ್ನು ನಿರ್ಮೂಲ ಮಾಡಬೇಕು, ಸಂತರ ಹಬ್ಬಗಳು ತಿಂದು ಕುಡಿದು ಮೆರೆಯುವ ನೆಪಗಳಾಗಬಾರದು ಎಂದೂ ಆ ಮಹಾಸಭೆ ಕಟ್ಟಪ್ಪಣೆ ಮಾಡಿತು. ಅಂದರೆ ಸಂತರ ಭಕ್ತಿಯನ್ನು ಎತ್ತಿಹಿಡಿದ ಕೈಯೇ ಅದರ ಕೊಳೆಯನ್ನೂ ತೊಳೆಯಿತು. ನಾವು ಮೊದಲರ್ಧವನ್ನು ಮಾತ್ರ ಹಿಡಿದುಕೊಂಡು ಎರಡನೆಯ ಅರ್ಧವನ್ನು ಕೈಬಿಟ್ಟಿದ್ದೇವೆ. ಪಂಥಗಳವರು ನಮ್ಮನ್ನು ಹಳಿಯಲು ದಾರಿ ಮಾಡಿಕೊಟ್ಟವರೂ ನಾವೇ.

ಪಂಚಾಂಗ ಹೇಳುವ ಪಾಠ

ಧರ್ಮಸಭೆಯ ಆರಾಧನಾ ವರ್ಷಕ್ಕೆ ಒಂದು ಕ್ರಮವಿದೆ. ಎಲ್ಲ ದಿನಗಳೂ ಒಂದೇ ಎತ್ತರದಲ್ಲಿಲ್ಲ. ಪವಿತ್ರ ಗುರುವಾರದ ಸಂಜೆಯಿಂದ ಪುನರುತ್ಥಾನದ ಭಾನುವಾರದವರೆಗಿನ ಪಾಸ್ಖ ತ್ರಿದಿನಗಳು ಅದರ ಶಿಖರ. ಸಂತರ ದಿನಗಳಲ್ಲಿ ಮಹೋತ್ಸವ, ಹಬ್ಬ, ಸ್ಮರಣೆ ಎಂಬ ಮೂರು ಶ್ರೇಣಿಗಳಿವೆ. ವಿಶ್ವಗುರು ಆರನೇ ಪೌಲರು 1969ರಲ್ಲಿ ಈ ಪಂಚಾಂಗವನ್ನು ಪರಿಷ್ಕರಿಸಿ ಅನೇಕ ಸಂತರ ದಿನಗಳನ್ನು ಕಡಿಮೆ ಮಾಡಿದಾಗ, ನಮ್ಮ ಸಂತರನ್ನೇ ಕಿತ್ತುಕೊಂಡರೆಂದು ಕೆಲವರು ಗೊಣಗಿದರು. ಆದರೆ ಅದರ ಉದ್ದೇಶ ಬೇರೆ. ಸಂತರ ಹಬ್ಬಗಳು ರಕ್ಷಣೆಯ ರಹಸ್ಯಗಳ ಹಬ್ಬಗಳನ್ನು ಮರೆಮಾಚಬಾರದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾವಿಧಿಯ ಶಾಸನದಲ್ಲಿ ಆದೇಶಿಸಿತ್ತು. ಅದೇ ಶಾಸನ ಭಾನುವಾರವನ್ನು ಎಲ್ಲಕ್ಕಿಂತ ಮೂಲವಾದ ಹಬ್ಬವೆಂದು ಕರೆಯುತ್ತದೆ. ವಾರಕ್ಕೊಮ್ಮೆ ಬರುವ ಪಾಸ್ಖವೇ ಭಾನುವಾರ.

ಹಾಗಾದರೆ ಸಂತರ ಹಬ್ಬದಂದು ನಾವು ಏನನ್ನು ಆಚರಿಸುತ್ತೇವೆ? ಪಂಚಾಂಗವನ್ನು ಗಮನಿಸಿ ನೋಡಿ. ಲೋಕವು ದೊಡ್ಡವರ ಹುಟ್ಟುಹಬ್ಬ ಆಚರಿಸಿದರೆ ಧರ್ಮಸಭೆ ಸಾಮಾನ್ಯವಾಗಿ ಸಂತರು ಮೃತರಾದ ದಿನವನ್ನು ಆಚರಿಸುತ್ತದೆ. ಅದು ಅವರು ಸ್ವರ್ಗದಲ್ಲಿ ಹುಟ್ಟಿದ ದಿನ. ಲೌಕಿಕ ಜನನದ ಹಬ್ಬ ಇರುವುದು ಮೂವರಿಗೆ ಮಾತ್ರ: ಪ್ರಭು ಯೇಸುಸ್ವಾಮಿಗೆ, ಅವರ ತಾಯಿ ಮರಿಯಮ್ಮನವರಿಗೆ, ಸ್ನಾನಿಕ ಯೊವಾನ್ನರಿಗೆ. ಉಳಿದ ಸಂತರೆಲ್ಲರೂ ಕ್ರಿಸ್ತರೊಡನೆ ಸತ್ತು ಕ್ರಿಸ್ತರೊಡನೆ ಎದ್ದವರೆಂಬುದೇ ಅವರ ಹಬ್ಬದ ತಿರುಳು. ಪ್ರಭುವಿನ ಪಾಸ್ಖ ನಮ್ಮಂತಹ ಮನುಷ್ಯನೊಬ್ಬನ ಬದುಕಿನಲ್ಲಿ ಫಲಿಸಿತು ಎಂದು ಆ ದಿನ ಸಾರುತ್ತದೆ. ಪಾಸ್ಖವನ್ನು ಕಳಚಿಟ್ಟು ಸಂತರನ್ನು ಹೊತ್ತು ಮೆರೆಸುವುದೆಂದರೆ ಬೇರು ಕಡಿದು ಹಣ್ಣಿಗೆ ಕೈಮುಗಿದಂತೆ.

ಅಂತೋಣಿಯವರು ನಿಜಕ್ಕೂ ಯಾರು?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಮ್ಮ ಜನರ ಬಾಯಲ್ಲಿ ಅತಿ ಹೆಚ್ಚು ನಲಿಯುವ ಹೆಸರು ಪಾದುವಾದ ಸಂತ ಅಂತೋಣಿಯವರದು. ಹೊಲ ಉಳುತ್ತಿದ್ದ ರೈತನಿಗೆ ಮಣ್ಣಿನಲ್ಲಿ ದೊರೆತ ಮರದ ಪ್ರತಿಮೆಯ ಪರಂಪರೆಯನ್ನು ಹೊತ್ತ ಡೋರ್ನಹಳ್ಳಿಯ ಪುಣ್ಯಕ್ಷೇತ್ರ 2019ರಲ್ಲಿ ಕಿರಿಯ ಬೆಸಿಲಿಕಾದ ಪದವಿಗೇರಿತು. ಮಂಗಳವಾರ ಬಂತೆಂದರೆ ಎಷ್ಟೋ ಊರುಗಳಲ್ಲಿ ಅವರ ಪೀಠದ ಮುಂದೆ ಮೇಣದಬತ್ತಿಗಳ ಸಾಲು. 1231ರ ಜೂನ್ 13ರ ಶುಕ್ರವಾರ ಮೃತರಾದ ಅವರನ್ನು ಸಮಾಧಿ ಮಾಡಿದ್ದು ಮಂಗಳವಾರ. ಆ ವಾರಕ್ಕೆ ಅವರ ಹೆಸರು ಅಂಟಿಕೊಂಡದ್ದು ಹಾಗೆ. ಕಳೆದದ್ದನ್ನು ಹುಡುಕಿಕೊಡುವ ಸಂತ, ಬೇಡಿದ್ದನ್ನು ಕೊಡುವ ಸಂತ ಎಂಬುದು ನಮಗೆ ಗೊತ್ತು. ಅವರ ಬದುಕು ಗೊತ್ತೇ?

1195ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಹುಟ್ಟಿದ ಅವರ ಮೊದಲ ಹೆಸರು ಫೆರ್ನಾಂಡೊ. ಅಗಸ್ಟೀನರ ನಿಯಮ ಅನುಸರಿಸುವ ಮಠದಲ್ಲಿ ಶಾಸ್ತ್ರಾಧ್ಯಯನ ಮಾಡುತ್ತಿದ್ದ ಅವರು, 1220ರಲ್ಲಿ ಮೊರಾಕ್ಕೊದಲ್ಲಿ ಕ್ರಿಸ್ತರಿಗಾಗಿ ಹತರಾದ ಐವರು ಫ್ರಾನ್ಸಿಸ್ಕನ್ ಸಹೋದರರ ಪಾರ್ಥಿವ ಅವಶೇಷಗಳು ಕೊಯಿಂಬ್ರಾ ನಗರಕ್ಕೆ ಬಂದದ್ದನ್ನು ಕಂಡರು. ಆ ಅವಶೇಷಗಳ ಮುಂದೆ ಅವರೇನು ಮಾಡಿದರು? ಹರಕೆ ಕಟ್ಟಲಿಲ್ಲ. ಮಠವನ್ನು ಬಿಟ್ಟು, ಫ್ರಾನ್ಸಿಸ್ಕನ್ನರ ಒರಟು ನಿಲುವಂಗಿ ತೊಟ್ಟು, ತಾವೂ ಕ್ರಿಸ್ತರಿಗಾಗಿ ಪ್ರಾಣ ಕೊಡಲು ಮೊರಾಕ್ಕೊಗೆ ಹಡಗು ಹತ್ತಿದರು. ಕಾಯಿಲೆ ಅವರನ್ನು ಹಿಂದಿರುಗಿಸಿತು, ಬಿರುಗಾಳಿ ಸಿಸಿಲಿಯ ದಡಕ್ಕೆ ಒಯ್ದಿತು. ಅದು ದೇವರ ಬೇರೆ ಸಂಕಲ್ಪ. ಆದರೆ ಸಂತರ ಭಕ್ತಿ ಎಂದರೇನೆಂದು ಅಂತೋಣಿಯವರೇ ನಮಗೆ ತೋರಿಸಿಕೊಟ್ಟರು. ಸಂತರು ನಡೆದ ದಾರಿಯಲ್ಲಿ ನಡೆಯಲು ಹೊರಡುವುದೇ ಆ ಭಕ್ತಿ.

ಅವರ ಜೀವನದ ಕೊನೆಯ ಮಹಾಕಾರ್ಯ ಯಾವುದು? 1231ರ ತಪಸ್ಸುಕಾಲದಲ್ಲಿ ಅವರು ಪಾದುವಾ ಪಟ್ಟಣದಲ್ಲಿ ದಿನವೂ ಬೋಧಿಸಿದರು. ದೇವಾಲಯಗಳು ಸಾಲದೆ ಬಯಲಿನಲ್ಲಿ ಜನ ನೆರೆದರು. ಗಂಟೆಗಟ್ಟಲೆ ಕುಳಿತು ಪಾಪನಿವೇದನೆಗಳನ್ನು ಆಲಿಸಿದರು. ಹಗೆಗಳು ಒಂದಾದರು, ಬಡ್ಡಿ ವಸೂಲಿ ಮಾಡಿದವರು ಹಣ ಹಿಂದಿರುಗಿಸಿದರು ಎಂದು ಅವರ ಮೊದಲ ಜೀವನಚರಿತ್ರೆಗಳು ಹೇಳುತ್ತವೆ. ಆ ವರ್ಷ ಪಾಸ್ಖ ಬಿದ್ದದ್ದು ಮಾರ್ಚ್ 23ರಂದು. ಮೂರು ತಿಂಗಳೂ ತುಂಬುವ ಮುನ್ನ, ಮೂವತ್ತಾರರ ವಯಸ್ಸಿನಲ್ಲಿ, ಬಳಲಿದ ದೇಹ ಕುಸಿಯಿತು. ಒಂದು ಇಡೀ ಪಟ್ಟಣವನ್ನು ಪಾಸ್ಖಕ್ಕೆ ಸಿದ್ಧಗೊಳಿಸುವುದರಲ್ಲಿ ತನ್ನನ್ನೇ ಸವೆಸಿಕೊಂಡ ಸಂತನನ್ನು, ಪಾಸ್ಖದ ಗೊಡವೆಯಿಲ್ಲದ, ಭಾನುವಾರದ ಬಲಿಪೂಜೆಯ ಹಂಗಿಲ್ಲದ ಭಕ್ತಿಗೆ ನಾವು ಪಾಲಕರನ್ನಾಗಿ ಮಾಡಿದ್ದೇವೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನಾವುದು?

1263ರಲ್ಲಿ ಅವರ ಸಮಾಧಿಯನ್ನು ತೆರೆದಾಗ ನಾಲಿಗೆ ಕೆಡದೆ ಉಳಿದಿತ್ತೆಂದು ಪರಂಪರೆ ಹೇಳುತ್ತದೆ. ಸಂತ ಬೊನವೆಂತೂರರು ಅದನ್ನು ಭಕ್ತಿಯಿಂದ ಕೈಗೆತ್ತಿಕೊಂಡರು. ನಾವು ಆ ನಾಲಿಗೆಯನ್ನು ಗೌರವಿಸುತ್ತೇವೆ, ಆದರೆ ಅದು ಆಡಿದ ಮಾತನ್ನು ಕೇಳುವುದಿಲ್ಲ. ಅವರು ಕಳೆದ ವಸ್ತುಗಳ ಸಂತರಾದದ್ದು ಹೇಗೆ? ಒಬ್ಬ ನವಶಿಷ್ಯ ಅವರ ಕೀರ್ತನೆಗಳ ಪುಸ್ತಕವನ್ನು ಎತ್ತಿಕೊಂಡು ಮಠದಿಂದ ಓಡಿಹೋದ, ಅಂತೋಣಿಯವರು ಪ್ರಾರ್ಥಿಸಿದರು, ಅವನು ಮನಸ್ಸು ತಿರುಗಿ ಪುಸ್ತಕದೊಂದಿಗೆ ಹಿಂದಿರುಗಿದ ಎಂಬುದು ಐತಿಹ್ಯ. ಅಂದು ಕಳೆದದ್ದು ದೇವರ ವಾಕ್ಯ ಮತ್ತು ಒಂದು ಆತ್ಮ; ಸಿಕ್ಕಿದ್ದೂ ಅವೆರಡೇ. ನಾವಾದರೋ ಕಳೆದ ಉಂಗುರಕ್ಕೂ ಬೈಕಿನ ಕೀಲಿಗೂ ಅವರನ್ನು ಕರೆಯುತ್ತೇವೆ. ಕರೆಯುವುದು ತಪ್ಪಲ್ಲ, ಮಕ್ಕಳು ತಂದೆಯನ್ನು ಏನು ಬೇಕಾದರೂ ಕೇಳಬಹುದು. ಆದರೆ ಮನೆಯ ಬೈಬಲ್ ಧೂಳು ಹಿಡಿದು ಕಳೆದುಹೋಗಿರುವುದು, ಮಗ ಎರಡು ವರ್ಷದಿಂದ ಪಾಪನಿವೇದನೆಗೆ ಹೋಗದೆ ಕಳೆದುಹೋಗಿರುವುದು ನಮ್ಮ ಅರಿಕೆಯ ಪಟ್ಟಿಯಲ್ಲಿ ಬರುವುದೇ ಇಲ್ಲವಲ್ಲ!

ಸಾಲಗಾರರ ಸಂತನಿಗೆ ಸಾಲದ ಹಬ್ಬ

ಈಗ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ವಿಷಯಕ್ಕೆ ಬರುತ್ತೇನೆ. ಹಬ್ಬಕ್ಕೆ ಮನೆಗೊಂದಿಷ್ಟು ಎಂದು ವಂತಿಗೆ ಗೊತ್ತುಮಾಡುತ್ತಾರೆ. ಅದು ದೊಡ್ಡ ಹೊರೆಯಲ್ಲದಿರಬಹುದು. ಆದರೆ ಅದರ ಬೆನ್ನಿಗೆ ಮನೆಗೆ ಸುಣ್ಣಬಣ್ಣ, ಎಲ್ಲರಿಗೂ ಹೊಸ ಬಟ್ಟೆ, ನೆಂಟರಿಷ್ಟರಿಗೆ ಬಾಡೂಟ, ಬಾಟಲಿಗಳು. ಪಕ್ಕದ ಮನೆಯವರು ಒಂದು ಕುರಿ ಕಡಿದರೆ ನಾವು ಎರಡು ಕಡಿಯಬೇಕು. ಕಳೆದ ವರ್ಷ ಬೇರೆ ಬೀದಿಯವರು ವಾದ್ಯಗೋಷ್ಠಿ ತರಿಸಿದರೆ ಈ ವರ್ಷ ನಮ್ಮ ಬೀದಿಯವರು ಅದಕ್ಕಿಂತ ದೊಡ್ಡದನ್ನು ತರಿಸಬೇಕು. ಕೂಲಿ ಮಾಡಿ ಬದುಕುವ ಕುಟುಂಬ ಈ ಪೈಪೋಟಿಗೆ ಹಣವನ್ನು ಎಲ್ಲಿಂದ ತರಬೇಕು? ಸ್ವಸಹಾಯ ಸಂಘದಿಂದ, ಚೀಟಿಯಿಂದ, ಒಡವೆ ಅಡವಿಟ್ಟು, ಅಥವಾ ವಾರದ ಕಂತಿನ ಸಾಲದಿಂದ.

ಈ ಸಾಲ ಎಷ್ಟು ಮನೆಗಳನ್ನು ಮುರಿದಿದೆ ಎಂಬುದು ಕನ್ನಡ ನಾಡಿಗೆ ಹೊಸ ಸುದ್ದಿಯಲ್ಲ. ಕಿರುಸಾಲ ವಸೂಲಿಯ ಕಿರುಕುಳದಿಂದ ಜನ ಊರು ಬಿಟ್ಟು ಹೋದ, ಪ್ರಾಣ ಕಳೆದುಕೊಂಡ ವರದಿಗಳು ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆ ಸಾಲಗಳಿಗೆಲ್ಲ ಹಬ್ಬವೇ ಕಾರಣವೆಂದು ನಾನು ಹೇಳುವುದಿಲ್ಲ. ಬೆಳೆನಷ್ಟ, ಕಾಯಿಲೆ, ಮಕ್ಕಳ ಶುಲ್ಕಗಳಿವೆ. ಆದರೆ ಆಗಲೇ ಬಾಗಿದ ಬೆನ್ನಿನ ಮೇಲೆ ಸಂತರ ಹೆಸರಿನಲ್ಲಿ ಇನ್ನೊಂದು ಮೂಟೆಯನ್ನು ಹೇರಬಹುದೇ?

ಅದರಲ್ಲೂ ಅಂತೋಣಿಯವರ ಹೆಸರಿನಲ್ಲಿ! 1231ರ ಅದೇ ತಪಸ್ಸುಕಾಲದಲ್ಲಿ, ಮಾರ್ಚ್ ತಿಂಗಳಲ್ಲಿ, ಪಾದುವಾ ನಗರಾಡಳಿತ ಒಂದು ಶಾಸನವನ್ನು ಮಾಡಿತು. ಸಾಲ ತೀರಿಸಲಾಗದವನು ತನ್ನ ಆಸ್ತಿಯನ್ನೆಲ್ಲ ಒಪ್ಪಿಸಿದ ಮೇಲೆ ಅವನನ್ನು ಸೆರೆಯಲ್ಲಿಡುವಂತಿಲ್ಲ ಎಂಬುದು ಅದರ ಸಾರ. ಸಹೋದರ ಅಂತೋಣಿಯವರ ಕೋರಿಕೆಯ ಮೇರೆಗೆ ಇದನ್ನು ಮಾಡಲಾಯಿತೆಂದು ಆ ಶಾಸನದಲ್ಲೇ ದಾಖಲಾಗಿದೆ. ಬಡ್ಡಿ ಹಣದಲ್ಲಿ ಕೊಬ್ಬಿದ ಸಾಹುಕಾರನೊಬ್ಬ ಸತ್ತಾಗ, ಅವನ ಹೃದಯ ದೇಹದಲ್ಲಿಲ್ಲ, ಹಣದ ಪೆಟ್ಟಿಗೆಯಲ್ಲಿದೆ ಎಂದು ಅಂತೋಣಿಯವರು ಹೇಳಿದರು, ತೆರೆದು ನೋಡಿದರೆ ಅಲ್ಲೇ ಇತ್ತು ಎಂಬ ಐತಿಹ್ಯವನ್ನು ಶಿಲ್ಪಿ ದೊನತೆಲ್ಲೊ ಪಾದುವಾದ ಬೆಸಿಲಿಕಾದ ಪೀಠಕ್ಕಾಗಿ ಕಂಚಿನಲ್ಲಿ ಎರಕಹೊಯ್ದಿದ್ದಾನೆ. ಸಾಲಗಾರರ ಸಂಕೋಲೆ ಕಳಚಲು ಹೋರಾಡಿದ ಸಂತನ ತೇರನ್ನು ಸಾಲದ ಹಣದಲ್ಲಿ ಎಳೆಯುವುದು ಭಕ್ತಿಯಲ್ಲ, ಅಣಕ.

ಆಕ್ಷೇಪಣೆಗಳಿಗೆ ಉತ್ತರ

"ಬಡವರಿಗೆ ವರ್ಷದಲ್ಲಿ ಇರುವುದೇ ಅದೊಂದು ಸಂತೋಷ, ಅದನ್ನೂ ಕಸಿಯುತ್ತೀರಾ ಸ್ವಾಮಿ?" ಎಂದು ಕೆಲವರು ಕೇಳುತ್ತಾರೆ. ಮಾತು ನಿಜ. ಸಂತೋಷ ಬೇಕು, ತೇರೂ ಬೇಕು. ಜನರ ಭಕ್ತಿಯನ್ನು ಹೀಗಳೆಯುವ ಪಂಡಿತರ ಪೈಕಿ ನಾನಲ್ಲ. ಜನಸಾಮಾನ್ಯರ ಭಕ್ತಿಗೆ ಮಿತಿಗಳಿದ್ದರೂ ಸರಿಯಾದ ದಿಕ್ಕು ತೋರಿದರೆ ಅದು ಮೌಲ್ಯಗಳ ಗಣಿಯೆಂದು ವಿಶ್ವಗುರು ಆರನೇ ಪೌಲರು 1975ರಲ್ಲೇ ಬೋಧಿಸಿದರು. ಸಮಸ್ಯೆ ದಿಕ್ಕಿನದು. ಮೂರು ದಿನದ ಸಂತೋಷಕ್ಕೆ ಹನ್ನೆರಡು ತಿಂಗಳ ಕಂತು ಕಟ್ಟುವವನ ಮುಖವನ್ನು ನಾಲ್ಕನೆಯ ದಿನ ನೋಡಿದರೆ, ಕಸಿದವರು ಯಾರೆಂದು ತಿಳಿಯುತ್ತದೆ.

"ಹಬ್ಬದ ನೆಪದಲ್ಲಾದರೂ ಜನ ದೇವಾಲಯಕ್ಕೆ ಬರುತ್ತಾರಲ್ಲ" ಎಂಬುದು ಇನ್ನೊಂದು ವಾದ. ಬರಲಿ. ಆದರೆ ಬಂದವರಿಗೆ ನಾವು ಏನನ್ನು ಕೊಟ್ಟು ಕಳುಹಿಸುತ್ತೇವೆ? ಗುರುವರ್ಗದವರಾದ ನಾವು ಇಲ್ಲಿ ಉತ್ತರಿಸಬೇಕು. ಹಬ್ಬದ ಬಲಿಪೂಜೆಯಲ್ಲಿ ದಾನಿಗಳ ಹೆಸರು ಓದುವುದಕ್ಕೆ ಹಿಡಿಯುವಷ್ಟು ಹೊತ್ತು ಶುಭಸಂದೇಶದ ವಿವರಣೆಗೆ ದೊರೆಯದಿದ್ದರೆ, ಪ್ರಬೋಧನೆ ಪವಾಡಗಳ ಪಟ್ಟಿಯಲ್ಲೇ ಮುಗಿದುಹೋದರೆ, ಜನರನ್ನು ದೂರುವ ಹಕ್ಕು ಗುರುಗಳಿಗಿಲ್ಲ. "ಹಬ್ಬದ ಕಾಣಿಕೆಯಿಂದಲೇ ದೇವಾಲಯ ನಡೆಯಬೇಕು" ಎನ್ನುವವರಿಗೆ ಟ್ರೆಂಟ್ ಮಹಾಸಭೆಯ ಮಾತನ್ನು ಮೇಲೆ ನೆನಪಿಸಿದ್ದೇನೆ.

"ನಮ್ಮ ಹಿರಿಯರು ಹೀಗೆಯೇ ಮಾಡುತ್ತಿದ್ದರು" ಎನ್ನುವವರಿಗೆ ಸಂತ ಮೋನಿಕಾ ಅವರ ಕತೆ ಸಾಕು. ಅವರ ಮಗ ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಇದನ್ನು ಬರೆದಿದ್ದಾರೆ. ಆಫ್ರಿಕಾದ ಪದ್ಧತಿಯಂತೆ ಆ ತಾಯಿ ರಕ್ತಸಾಕ್ಷಿಗಳ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸಗಳನ್ನು ಒಯ್ಯುತ್ತಿದ್ದರು. ಇಟಲಿಯ ಮಿಲಾನಿನಲ್ಲಿಯೂ ಹಾಗೆ ಹೋದಾಗ ಬಾಗಿಲು ಕಾಯುವವನು ತಡೆದ. ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರು ಈ ಪದ್ಧತಿಯನ್ನು ನಿಷೇಧಿಸಿದ್ದರು. ಕುಡುಕರಿಗೆ ಅದು ನೆಪವಾಗುತ್ತಿತ್ತು, ಅನ್ಯರ ಪಿತೃಪೂಜೆಯನ್ನೂ ಹೋಲುತ್ತಿತ್ತು. ಮೋನಿಕಾ ವಾದಿಸಲಿಲ್ಲ, ಹಿರಿಯರ ಹೆಸರು ಎತ್ತಲಿಲ್ಲ. ಮಾರನೆಯ ಬಾರಿಯಿಂದ ಬುಟ್ಟಿಯ ಬದಲು ಶುದ್ಧವಾದ ಅರಿಕೆಗಳನ್ನು ತುಂಬಿಕೊಂಡ ಹೃದಯವನ್ನು ಸಮಾಧಿಗಳಿಗೆ ಒಯ್ದರು, ಕೈಲಾದದ್ದನ್ನು ಬಡವರಿಗೆ ಕೊಟ್ಟರು, ಅಲ್ಲಿ ನಡೆಯುವ ಪರಮಪ್ರಸಾದದ ಬಲಿಯಲ್ಲಿ ಪಾಲ್ಗೊಂಡರು. ಸಂತರ ಹಬ್ಬದ ಸುಧಾರಣೆಗೆ ಇದಕ್ಕಿಂತ ಒಳ್ಳೆಯ ಯೋಜನೆಯನ್ನು ಯಾವ ಸಮಿತಿಯೂ ರೂಪಿಸಲಾರದು.

ಮುಂದಿನ ಹಬ್ಬಕ್ಕೆ ಮುನ್ನ

ಆದುದರಿಂದ ಧರ್ಮಕೇಂದ್ರಗಳ ಪಾಲನಾ ಸಮಿತಿಗಳಿಗೂ ಕುಟುಂಬಗಳಿಗೂ ನನ್ನ ಬಿನ್ನಹ ಇಷ್ಟೇ. ಹಬ್ಬದ ವಂತಿಗೆಯನ್ನು ನಿಗದಿ ಮಾಡುವಾಗ ಊರಿನ ಅತಿ ಬಡ ಕುಟುಂಬವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿರಿ. ಕೊಡಲಾಗದವರ ಹೆಸರನ್ನು ಎಲ್ಲಿಯೂ ಓದಬೇಡಿ, ತೇರು ಅವರ ಬೀದಿಗೆ ಹೋಗದಂತೆ ಮಾಡಬೇಡಿ. ಸಾಲ ಮಾಡಿ ಹಬ್ಬ ಮಾಡುವುದಿಲ್ಲವೆಂದು ಊರಿನ ಎಲ್ಲರೂ ಒಟ್ಟಾಗಿ ತೀರ್ಮಾನಿಸಿರಿ. ಒಬ್ಬನೇ ಮಾಡಿದರೆ ಅವಮಾನವೆನಿಸುವುದು ಎಲ್ಲರೂ ಮಾಡಿದರೆ ಪದ್ಧತಿಯಾಗುತ್ತದೆ. ಮನೆಮನೆಯ ಬಾಡೂಟದ ಬದಲು ದೇವಾಲಯದ ಅಂಗಳದಲ್ಲಿ ಒಂದೇ ಪಂಕ್ತಿಯ ಊಟವಿರಲಿ. ವಾದ್ಯಗೋಷ್ಠಿ ಪಟಾಕಿಗಳ ಹಣ ಅಂತೋಣಿಯವರ ರೊಟ್ಟಿಯಾಗಿ ಊರಿನ ರೋಗಿಗಳಿಗೆ, ವಿಧವೆಯರಿಗೆ, ಶುಲ್ಕ ಕಟ್ಟಲಾಗದ ಮಕ್ಕಳಿಗೆ ತಲುಪಲಿ. ನವೇನದ ಒಂಬತ್ತು ದಿನಗಳಲ್ಲಿ ದಿನಕ್ಕೊಂದು ಶುಭಸಂದೇಶದ ಭಾಗವನ್ನು ವಿವರಿಸಲಿ. ಪಾಪನಿವೇದನೆಗೆ ಗುರುಗಳು ದೊರೆಯುವಂತಿರಲಿ. ಹಬ್ಬದ ಮುಂದಿನ ಭಾನುವಾರವನ್ನೇ ಹಬ್ಬದ ಕೊನೆಯ ದಿನವೆಂದು ಸಾರಿ, ತೇರು ಎಳೆದ ಕೈಗಳೇ ಅಂದು ಬಲಿಪೀಠಕ್ಕೆ ಕಾಣಿಕೆಗಳನ್ನು ತರಲಿ.

ಅತ್ತೂರಿನ ಪಾಲಕರಾದ ಸಂತ ಲಾರೆನ್ಸರು 258ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದವರು. ಧರ್ಮಸಭೆಯ ಸಂಪತ್ತನ್ನು ಒಪ್ಪಿಸು ಎಂದು ಅಧಿಕಾರಿಗಳು ಕೇಳಿದಾಗ ಬಡವರನ್ನು ಕರೆತಂದು ಮುಂದೆ ನಿಲ್ಲಿಸಿದರೆಂದು ಸಂತ ಅಂಬ್ರೋಸರು ಬರೆಯುತ್ತಾರೆ. ನಾವು ಕೈಮುಗಿಯುವ ಸಂತರಿಗೆ ತಮ್ಮ ಸಂಪತ್ತು ಯಾವುದೆಂಬುದು ಗೊತ್ತಿತ್ತು. ಮುಂದಿನ ಹಬ್ಬದ ಧ್ವಜವನ್ನು ಏರಿಸುವ ಮುನ್ನ ಪ್ರತಿಯೊಂದು ಧರ್ಮಕೇಂದ್ರವೂ ತನ್ನ ಬಡವರ ಮುಖವನ್ನೊಮ್ಮೆ, ಭಾನುವಾರದ ತನ್ನ ಬಲಿಪೀಠವನ್ನೊಮ್ಮೆ ನೋಡಲಿ. ಆಮೇಲೆ ತೇರನ್ನು ಎಳೆಯೋಣ. ಅಂದು ಸಂತರು ನಮ್ಮೊಡನೆ ಬಂದೇ ಬರುತ್ತಾರೆ.